ಎನೋಸ್ ಅಣ್ಣನ ಹಂದಿ ಪಾರುಪತ್ಯ

ನಮ್ಮಣ್ಣ ಎನೋಸ್ ಕಾಲ್ಕಾರ್ಡ್ ತೀರಿಕೊಂಡು ಈ ಕೊಯ್ಲಿಗೆ ಮೂರು ವರ್ಷ. ಡನ್‌ಬರೋ ಊರಿನ ದಫ್ತರದಲ್ಲಿ ಅವನ ಹೆಸರು ಎರಡು ಕಡೆ ಇದೆ. ಒಂದು ಕಡೆ, ನ್ಯೂ ಹ್ಯಾಂಪ್‌ಷೈರಿನ ಮಹಾಸಭೆಗೆ ನಮ್ಮೂರಿನ ಪ್ರತಿನಿಧಿ ಎಂದು. ಇನ್ನೊಂದು ಕಡೆ, ಹಂದಿ ಪಾರುಪತ್ಯಗಾರ ಎಂದು. ಮೊದಲನೆಯದನ್ನು ಈಗಿನವರು ಎದೆಯುಬ್ಬಿಸಿ ಹೇಳುತ್ತಾರೆ, ಎರಡನೆಯದನ್ನು ನುಂಗಿಬಿಡುತ್ತಾರೆ. ನನಗೆ ಮೈ ಉರಿಯುವುದು ಅಲ್ಲೇ. ಎರಡನೆಯದು ಇಲ್ಲದಿದ್ದರೆ ಮೊದಲನೆಯದು ಮೂರು ಕಾಸಿಗೂ ಬಾಳುತ್ತಿರಲಿಲ್ಲ. ಅದನ್ನು ಕಣ್ಣಾರೆ ಕಂಡವಳು ನಾನು, ಅವನ ತಂಗಿ ಟ್ಯಾಮ್ಸಿನ್. ಬಾಯಲ್ಲಿ ಇನ್ನೂ ನಾಲ್ಕು ಹಲ್ಲಿರುವಾಗಲೇ ಹೇಳಿ ಮುಗಿಸುತ್ತೇನೆ.

ಅಣ್ಣನದು ಗಾಡಿ ಚಕ್ರ ಮಾಡುವ ಕಸುಬು. ಯುದ್ಧಕ್ಕೂ ಹೋಗಿದ್ದ. ಆದರೆ ಅಲ್ಲಿ ಕೋವಿ ಹಿಡಿದಿದ್ದಕ್ಕಿಂತ ಫಿರಂಗಿ ಗಾಡಿಗಳ ಮುರಿದ ಚಕ್ರ ಹಿಡಿದಿದ್ದೇ ಹೆಚ್ಚು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, "ಕೇಳೋಕೆ ಹೋಗ್ಬೇಕಲ್ಲ" ಎನ್ನುತ್ತಿದ್ದ. ಅಷ್ಟು ಮಾತಿನ ಬಡವ. ನನ್ನ ಗಂಡ ಸತ್ತ ಮೇಲೆ ನಾನು ಬಂದು ಅವನ ಮನೆ ಸೇರಿದೆ. ಅಡುಗೆಮನೆಯಲ್ಲೇ ಊರಿನ ಚಿಳ್ಳೆಪಿಳ್ಳೆಗಳನ್ನು ಕೂರಿಸಿಕೊಂಡು ಅಕ್ಷರ ಕಲಿಸುತ್ತಿದ್ದೆ. ಅಣ್ಣನಿಗೂ ಓದು ಬರುತ್ತಿತ್ತು, ಆದರೆ ಸಾಲಿನ ಕೆಳಗೆ ಬೆರಳಿಟ್ಟು ಒಂದೊಂದೇ ಪದ ಎತ್ತಿಡುತ್ತಿದ್ದ.

ಕಥೆ ಶುರುವಾಗುವುದು ಸಾವಿರದ ಏಳುನೂರ ಎಂಬತ್ತೆಂಟರ ಜನವರಿಯಲ್ಲಿ. ಹಿಂದಿನ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ದೊಡ್ಡವರೆಲ್ಲ ಕಿಟಕಿ ಮುಚ್ಚಿಕೊಂಡು ಕೂತು, ಹದಿಮೂರು ರಾಜ್ಯಕ್ಕೂ ಸೇರಿ ಒಂದು ಸರ್ಕಾರ ಕಟ್ಟುವ ಸಂವಿಧಾನ ಬರೆದಿದ್ದರು. ಒಂಬತ್ತು ರಾಜ್ಯ ಒಪ್ಪಿದರೆ ಜಾರಿ, ಇಲ್ಲದಿದ್ದರೆ ಇಲ್ಲ. ನಮ್ಮ ರಾಜ್ಯದ ಉತ್ತರ ಹೇಳಲು ಎಕ್ಸೆಟರ್ ಪಟ್ಟಣದಲ್ಲಿ ಫೆಬ್ರವರಿಗೆ ಮಹಾಸಭೆ. ಊರೂರಿಂದ ಒಬ್ಬೊಬ್ಬ ಪ್ರತಿನಿಧಿ ಹೋಗಬೇಕು. ಹೋಗುವವನು ಏನು ಹೇಳಬೇಕೆಂದು ಊರು ಮೊದಲೇ ಬರೆದು ಕೈಗೆ ಕೊಡುವುದು ನಮ್ಮ ಕಡೆಯ ಪದ್ಧತಿ.

ಊರಿಗೆ ಬಂದಿದ್ದು ಅಚ್ಚು ಹಾಕಿದ ಒಂದೇ ಪ್ರತಿ. ಓದಲು ನಿಂತವರು ಕ್ಯಾಪ್ಟನ್ ಜೋಥಮ್ ಪೀಸ್ಲಿ. ಊರಿನ ಹಿರಿಯರು, ದೊಡ್ಡ ಗಂಟಲು, ಬಂಕರ್ ಗುಡ್ಡದ ಯುದ್ಧದಲ್ಲಿ ತಮ್ಮನನ್ನು ಕಳೆದುಕೊಂಡವರು. ಓದುತ್ತಿದ್ದುದು ಪ್ರಾರ್ಥನಾ ಮಂದಿರದಲ್ಲಿ, ಅಲ್ಲಿ ಒಲೆಯಿಲ್ಲ. ಭಾನುವಾರ ಪಾದ್ರಿ ಮೂರು ಗಂಟೆ ಉಪದೇಶ ಕೊಟ್ಟರೂ ನಮ್ಮವರು ಹಲ್ಲು ಕಟಕಟಿಸುತ್ತ ಕೂತಿರುತ್ತಾರೆ, ಏಳುವುದಿಲ್ಲ. ಆದರೆ ಅವತ್ತು ಎರಡನೇ ಹಾಳೆ ಮುಗಿಯುವ ಮೊದಲೇ ಹಿಂದಿನ ಸಾಲಿನಿಂದ ಯಾರೋ, "ಸಾಕು ಬಿಡ್ರೀ ಕ್ಯಾಪ್ಟನ್ರೇ, ಕಾಲು ಮರಗಟ್ಟಿದೆ. ಒಳ್ಳೇದೋ ಕೆಟ್ಟದ್ದೋ ಅಷ್ಟು ಹೇಳಿ" ಎಂದರು.

"ಕೆಟ್ಟದ್ದು" ಎಂದರು ಕ್ಯಾಪ್ಟನ್.

ಎಲ್ಲರೂ ಎದ್ದು ಪಕ್ಕದ ಹೆಂಡದಂಗಡಿಗೆ ಹೋದರು. ಅಲ್ಲಿ ಬಿಸಿಬಿಸಿ ಸೈಡರ್, ಅಂದರೆ ಸೇಬಿನ ಹೆಂಡ, ಹೀರುತ್ತ ಮತ ಹಾಕಿದರು. ಬೇಡ ಎಂದವರು ಎಪ್ಪತ್ತೊಂದು, ಬೇಕು ಎಂದವರು ಆರು. ಒಟ್ಟು ಎಪ್ಪತ್ತೇಳರಲ್ಲಿ ಒಬ್ಬನೂ ಅದನ್ನು ಪೂರ್ತಿ ಕೇಳಿರಲಿಲ್ಲ. ಯಾರನ್ನು ಕಳಿಸುವುದೆಂಬ ಮಾತು ಬಂದಾಗ ಕ್ಯಾಪ್ಟನ್‌ಗೆ ಕಾಲುನೋವು, ಅಷ್ಟು ದೂರ ಹಿಮದಲ್ಲಿ ಹೋಗಲಾರರು.

"ಮಾತು ಬಲ್ಲೋರನ್ನ ಕಳಿಸ್ಬೇಡಿ" ಎಂದರು ಅವರು. "ಅಲ್ಲಿನ ಲಾಯರುಗಳು ಮಾತಿಗೆ ಮಾತು ಸೇರಿಸಿ ತಲೆ ಕೆಡಿಸಿಬಿಡ್ತಾರೆ. ನಮ್ಮ ಎನೋಸ್ ಹೋಗ್ಲಿ. ಅವನಿಗೆ ಮಾತು ಒಳಗೂ ಹೋಗಲ್ಲ, ಹೊರಗೂ ಬರಲ್ಲ."

ಅಂಗಡಿ ಬಿದ್ದು ಬಿದ್ದು ನಕ್ಕಿತು. ಅಣ್ಣನೂ ನಕ್ಕನಂತೆ. ಆಮೇಲೆ ಎದ್ದು ನಿಂತು, ಟೋಪಿ ತೆಗೆದು, "ಊರು ಏನು ಹೇಳಿದೆಯೋ ಅದನ್ನೇ ಹೇಳ್ತೀನಿ" ಎಂದು ಎಲ್ಲರೆದುರು ಮಾತು ಕೊಟ್ಟ. ಅವನು ಮಾತು ಕೊಡುತ್ತಿದ್ದುದು ಅಪರೂಪ, ಕೊಟ್ಟದ್ದನ್ನು ಮುರಿದಿದ್ದು ನಾನು ಕಂಡಿಲ್ಲ.

ಅವನು ಎಕ್ಸೆಟರ್‌ನಿಂದ ವಾಪಸು ಬಂದಿದ್ದು ಫೆಬ್ರವರಿಯ ಕೊನೆಗೆ, ಮಧ್ಯಾಹ್ನದ ಊಟದ ಹೊತ್ತಿಗೆ. ಹುರುಳಿಕಾಯಿ ಬೀಜದ ಮಡಕೆ ಒಲೆಯಿಂದ ಇಳಿಸುತ್ತಿದ್ದೆ. ಬಂದವನು ಕೋಟನ್ನೂ ಬಿಚ್ಚದೆ ಬೆಂಚಿನ ಮೇಲೆ ಕೂತ.

"ಟ್ಯಾಮಿ, ನಾನು ತಪ್ಪು ಉತ್ತರ ಹೊತ್ಕೊಂಡು ಹೋಗಿದ್ದೆ ಕಣೇ."

"ಏನಾಯ್ತಣ್ಣಾ? ಹೇಳ್ದೆ ತಾನೇ, ಬೇಡ ಅಂತ?"

"ಹೇಳ್ಲಿಲ್ಲ. ಹತ್ತು ದಿನ ಕೂತು ಕೇಳ್ದೆ. ಆಮೇಲೆ ಅಚ್ಚು ಹಾಕಿದ್ದೊಂದು ತಗೊಂಡು ನಾನೇ ಓದ್ದೆ. ಪೂರ್ತಿ ಓದ್ದೆ. ನಾವು ಬೇಡ ಅಂದಿದ್ದು ಇದನ್ನಲ್ಲ, ಕ್ಯಾಪ್ಟನ್ರ ಗಂಟಲನ್ನ ನಂಬಿ ಅಂದಿದ್ದು."

ಅಷ್ಟು ಉದ್ದದ ಮಾತನ್ನು ಅವನ ಬಾಯಲ್ಲಿ ಕೇಳಿ ನಾನು ಮಡಕೆ ಹಿಡಿದೇ ನಿಂತಿದ್ದೆ. ಅವನಂತೆಯೇ ಸಿಕ್ಕಿಬಿದ್ದವರು ಅಲ್ಲಿ ಬಹಳ ಜನ ಇದ್ದರಂತೆ. ಮನಸ್ಸು ಹೌದು ಎನ್ನುತ್ತಿದೆ, ಕಿಸೆಯಲ್ಲಿರುವ ಊರಿನ ಕಾಗದ ಬೇಡ ಎನ್ನುತ್ತಿದೆ. ಅವರೆಲ್ಲ ಸೇರಿ ಸಭೆಯನ್ನೇ ಜೂನ್ ತಿಂಗಳಿಗೆ, ಕಾಂಕಾರ್ಡ್ ಪಟ್ಟಣಕ್ಕೆ ಮುಂದೂಡಿದರು. ಅಷ್ಟರೊಳಗೆ ಊರಿಗೆ ಹೋಗಿ, ಬಿಡುಗಡೆ ಕೇಳಿಕೊಂಡು ಬರಬೇಕು. ಮುಂದೂಡುವುದಕ್ಕೆ ಅಣ್ಣನೂ ಕೈ ಎತ್ತಿದ್ದ. ಅದರ ಬಗ್ಗೆ ಊರಿನ ಕಾಗದದಲ್ಲಿ ಏನೂ ಬರೆದಿರಲಿಲ್ಲ. ಆದರೂ ಮಾತಿಗೆ ತಪ್ಪಿದೆನೇನೋ ಎಂದು ದಾರಿಯುದ್ದಕ್ಕೂ ಕೊರಗಿಕೊಂಡು ಬಂದಿದ್ದ.

"ಊರು ಬಿಡುಗಡೆ ಕೊಡದಿದ್ರೆ?" ಎಂದೆ.

"ಆಗ ಬೇಡ ಅಂತೀನಿ. ಕೊಟ್ಟ ಮಾತು."

"ನಿನ್ನ ಒಂದು ಓಟಿನಿಂದ ದೇಶ ಮುಳುಗಿಹೋದ್ರೂನಾ?"

"ಹೂಂ" ಎಂದ, ಮತ್ತೆ ಊಟ ಸೇರಲಿಲ್ಲ ಅವನಿಗೆ.

ಮಾರ್ಚಿನಲ್ಲಿ ಊರಿನ ವಾರ್ಷಿಕ ಸಭೆ. ವರ್ಷದ ಅಧಿಕಾರಗಳನ್ನೆಲ್ಲ ಅವತ್ತೇ ಹಂಚುವುದು: ರಸ್ತೆ ನೋಡುವವನು, ಬೇಲಿ ನೋಡುವವನು, ಹಂದಿ ನೋಡುವವನು. ಬಿಡುಬೀಸಾಗಿ ಅಲೆಯುವ ಹಂದಿಗಳ ಮೂಗಿಗೆ ನೆಲ ಅಗೆಯದಂತೆ ಬಳೆ ಇದೆಯೇ, ಕುತ್ತಿಗೆಗೆ ಬೇಲಿ ನುಸುಳದಂತೆ ಮರದ ನೊಗ ಇದೆಯೇ ಎಂದು ಮನೆಮನೆಗೆ ಹೋಗಿ ನೋಡಬೇಕು, ಇಲ್ಲದಿದ್ದರೆ ಹಿಡಿದು ಹಾಕಬೇಕು. ಕೆಸರು, ಕಿರುಚಾಟ, ಬೈಗುಳ ಎಲ್ಲ ಅವನ ಪಾಲಿಗೆ. ಹಾಗಾಗಿ ಆ ವರ್ಷ ಯಾರು ಹೊಸದಾಗಿ ಮದುವೆಯಾಗಿರುತ್ತಾನೋ ಅವನ ತಲೆಗೆ ಈ ಪಾರುಪತ್ಯ ಕಟ್ಟಿ ನಗುವುದು ನಮ್ಮವರ ಹಳೆಯ ಚೇಷ್ಟೆ.

ಅಣ್ಣ ಎದ್ದು ಬಿಡುಗಡೆಯ ಮಾತು ತೆಗೆದ. ನಾಲ್ಕು ವಾಕ್ಯ ಆಡುವಷ್ಟರಲ್ಲಿ ಗಲಾಟೆ. "ಬೇಡ ಅನ್ನು ಅಂತ ಕಳಿಸಿದ್ರೆ ಬಾಯಿ ಹೊಲ್ಕೊಂಡು ಬಂದಿದ್ದಾನೆ" ಎಂದು ಒಬ್ಬ, "ಎಷ್ಟು ತಿಂದನೋ" ಎಂದು ಇನ್ನೊಬ್ಬ. ಕ್ಯಾಪ್ಟನ್ ಕೋಲು ಕುಟ್ಟಿ ಎಲ್ಲರನ್ನೂ ಸುಮ್ಮನಿರಿಸಿದರು.

"ಈ ವರ್ಷದ ಹಂದಿ ಪಾರುಪತ್ಯಕ್ಕೆ ಎನೋಸ್ ಕಾಲ್ಕಾರ್ಡ್ ಹೆಸರು ಹೇಳ್ತೀನಿ. ಎಕ್ಸೆಟರ್‌ಗೆ ಹೋಗಿ ಹತ್ತೇ ದಿನದಲ್ಲಿ ಮನಸ್ಸು ಕೊಟ್ಟು ಬಂದಿದ್ದಾನಲ್ಲ, ಇವನಿಗಿಂತ ಹೊಸ ಮದುಮಗ ಬೇಕೇನ್ರಯ್ಯಾ?"

ನಗುವಿಗೆ ಮಂದಿರದ ಜಂತೆ ಅದುರಿತು. ಮೇಲಿನ ಅಟ್ಟದಲ್ಲಿ ಹೆಂಗಸರ ಜೊತೆ ಕೂತಿದ್ದ ನಾನು ಅತ್ತೆ. ಅವಮಾನಕ್ಕೆ ಅತ್ತೆ, ಮುಚ್ಚಿಡುವುದೇನು. ನಲವತ್ತಾರು ವರ್ಷದ ಬ್ರಹ್ಮಚಾರಿಗೆ ಹಂದಿ ಮೂಗಿನ ಬಳೆ. ಅಣ್ಣ ಮಾತ್ರ ಮುಂದೆ ಹೋಗಿ, ಬೈಬಲ್ ಮೇಲೆ ಕೈಯಿಟ್ಟು ಪ್ರಮಾಣ ಮಾಡಿ ಬಂದ. ದಾರಿಯಲ್ಲಿ ನಾನು ಬೈಯುತ್ತಲೇ ನಡೆದೆ. ಅವನು ಸೇತುವೆ ದಾಟಿದ ಮೇಲೆ ನಿಂತ.

"ಟ್ಯಾಮಿ, ಊರಲ್ಲಿ ಮನೆ ಎಷ್ಟಿದೆ?"

"ಎಂಬತ್ತೆರಡು. ಯಾಕೆ?"

"ಎಲ್ಲರ ಮನೇಲೂ ಹಂದಿ ಇದೆ. ಹಂದಿ ನೋಡೋಕೆ ಬಂದೋನನ್ನ ಗೇಟಿನ ಹೊರಗೆ ನಿಲ್ಸೋ ಹಾಗಿಲ್ಲ, ಅದು ಕಾನೂನು." ಅವನ ಮುಖದಲ್ಲಿ ನಗು ಹರಡುತ್ತಿತ್ತು. "ಅಧಿಕಾರ ಕೊಟ್ಟಿದ್ದಾರೆ ಕಣೇ ಅವರು ನನಗೆ. ನೀನು ಜೊತೆಗೆ ಬಾ. ನಾನು ನೊಗ ಹಾಕ್ತೀನಿ, ನೀನು ಓದು."

ಏಪ್ರಿಲ್ ಹೊತ್ತಿಗೆ ಹಿಮ ಕರಗಿತು, ನಾವು ಹೊರಟೆವು. ಅವನ ಕೈಗಾಡಿಯಲ್ಲಿ ಅವನೇ ಕೆತ್ತಿದ ನೊಗಗಳು, ಕಬ್ಬಿಣದ ಬಳೆಗಳು, ಇಕ್ಕಳ. ನನ್ನ ಚೀಲದಲ್ಲಿ ಎಕ್ಸೆಟರ್‌ನಿಂದ ತಂದ ಹಾಳೆ. ಅವನು ಮಾಡಿಕೊಂಡ ಕರಾರು ಸರಳ. ನೊಗಕ್ಕೆ ಕಾಸಿಲ್ಲ, ಆದರೆ ಅದನ್ನು ಹಂದಿಗೆ ಹಾಕಿ ಮುಗಿಸುವತನಕ ಮನೆಯವರು ನಿಂತು ಕೇಳಬೇಕು. ಬಿಟ್ಟಿ ನೊಗ ಎಂದರೆ ನಮ್ಮೂರಿನವರು ಸೈತಾನನ ಉಪದೇಶ ಬೇಕಾದರೂ ಕೇಳುತ್ತಾರೆ. ಅಣ್ಣ ಬೇಕೆಂದೇ ನಿಧಾನ ಮಾಡುತ್ತಿದ್ದ. ಹಂದಿ ಕಿರುಚುವಾಗ ನಾನು ನಿಲ್ಲಿಸುತ್ತಿದ್ದೆ, ಅದು ಸುಮ್ಮನಾದರೆ ಮತ್ತೆ ಶುರು. ಯಾವ ಸಭೆ ಯಾವ ಕಾನೂನು ಮಾಡಬೇಕು, ಅಧ್ಯಕ್ಷ ಎಷ್ಟು ವರ್ಷ ಇರಬೇಕು, ಯುದ್ಧ ಸಾರುವ ಹಕ್ಕು ಯಾರದ್ದು, ಎಲ್ಲವನ್ನೂ ಸಗಣಿ ಕೆಸರಿನ ನಡುವೆ ನಿಂತು ಓದಿದೆ. ಮೊದಮೊದಲು ನಕ್ಕವರು ಆಮೇಲೆ ಪ್ರಶ್ನೆ ಕೇಳತೊಡಗಿದರು. ಮೇ ಹೊತ್ತಿಗೆ, "ಅಕ್ಕಾ, ಆಚೆ ಮನೇಲಿ ಮೂರನೇ ಭಾಗ ಓದಿದ್ರಂತೆ, ನಮಗೆ ಎರಡಕ್ಕೇ ನಿಲ್ಸಿದ್ರಲ್ಲ" ಎಂದು ದಾರಿಯಲ್ಲಿ ತಡೆದು ಕೇಳುವವರೂ ಆದರು.

ಎಲ್ಲವೂ ಸಲೀಸಾಗಿತ್ತೆಂದು ಸುಳ್ಳು ಹೇಳುವುದಿಲ್ಲ. ಬೆಟ್ಟದಾಚೆ ಪ್ಲಾಟೋ ಫ್ರೀಮನ್ ಎಂಬ ಕಪ್ಪು ರೈತನಿದ್ದ. ಯುದ್ಧದಲ್ಲಿ ಕಾದಾಡಿ ತನ್ನ ಬಿಡುಗಡೆ ತಾನೇ ಗಳಿಸಿದವನು. ಅವನ ಅಂಗಳದಲ್ಲಿ ಓದುವಾಗ, ಇನ್ನೂ ಇಪ್ಪತ್ತು ವರ್ಷ ಗುಲಾಮರ ಹಡಗುಗಳನ್ನು ತಡೆಯುವ ಹಾಗಿಲ್ಲ ಎಂಬ ಸಾಲು ಬಂತು. ದಾಟಿಸಿಬಿಡೋಣ ಎಂದುಕೊಂಡೆ.

"ಓದು ಟ್ಯಾಮಿ, ಅದನ್ನೂ ಓದು" ಎಂದ ಅಣ್ಣ.

ಓದಿದೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಪ್ಲಾಟೋ ಹಂದಿಯ ಬೆನ್ನು ಸವರಿದ.

"ಇದು ಹುಳುಕು ಕಟ್ಟಿಗೆ, ಎನೋಸ್. ಗೊತ್ತಿದ್ದೂ ಹಾಕಿದ್ದಾರೆ."

"ಹೌದು, ಹುಳುಕೇ" ಎಂದ ಅಣ್ಣ. "ಐದನೇ ಭಾಗ ಓದಮ್ಮಾ."

ಐದನೆಯದು ತಿದ್ದುಪಡಿಯ ಭಾಗ. ಇದರಲ್ಲಿ ತಪ್ಪಿದ್ದರೆ ಮುಂದೆ ತಿದ್ದುವುದು ಹೇಗೆ ಎಂದು ಅದರಲ್ಲೇ ಬರೆದಿದೆ. ಆದರೆ ಆ ಒಂದು ಸಾಲನ್ನು ಮಾತ್ರ ಇಪ್ಪತ್ತು ವರ್ಷ ಯಾರೂ ಮುಟ್ಟುವಂತಿಲ್ಲ ಎಂದೂ ಅದೇ ಭಾಗದಲ್ಲಿದೆ. ಪ್ಲಾಟೋ ಅದನ್ನು ಎರಡು ಸಲ ಓದಿಸಿದ. "ಬೀಗ ಹಾಕಿ ಕೀಲಿಕೈ ಎಲ್ಲಿದೆ ಅಂತಾನೂ ಬರೆದಿದ್ದಾರೆ. ನನ್ನ ಮಗಳಿಗೆ ಈಗ ಆರು ವರ್ಷ. ಅವಳು ಆ ಬೀಗ ಕಾಯ್ತಾ ಇರ್ತಾಳೆ, ಹೇಳಿಬಿಡು ಅವರಿಗೆ" ಎಂದ.

ಕೊನೆಗೆ ಉಳಿದದ್ದು ಕ್ಯಾಪ್ಟನ್ ಪೀಸ್ಲಿಯವರ ಮನೆ. ಅವರ ಹೆಣ್ಣು ಹಂದಿ ಊರಿಗೇ ದೊಡ್ಡದು. ಪಾದ್ರಿಯ ಟರ್ನಿಪ್ ಗಡ್ಡೆಯ ಪಾತಿಯನ್ನು ಒಂದೇ ಬೆಳಗ್ಗೆ ಉತ್ತು ಹಾಕಿತ್ತು. ಹಂದಿಗೆ ಬಳೆಯೂ ಇರಲಿಲ್ಲ, ನೊಗವೂ ಇರಲಿಲ್ಲ. ಊರಿಗೆ ಕಾನೂನು ಹೇಳುವವರ ಹಂದಿಯೇ ಹೀಗೆ. ಅಣ್ಣ ಬಾಗಿಲು ತಟ್ಟಿದ. ಕ್ಯಾಪ್ಟನ್ ಮುಖ ಟರ್ನಿಪ್‌ಗಿಂತ ಕೆಂಪಾಗಿತ್ತು. ಹೊರಗೆ ಬಂದು, ಹಂದಿಯ ಎರಡೂ ಕಿವಿ ಹಿಡಿದು ಮಂಡಿಯೂರಿ ಕೂತರು. ನಾನು ಓದಿದೆ. ಅವರು ಹಂದಿಯನ್ನೂ ಬಿಡುವಂತಿಲ್ಲ, ಕಿವಿಯನ್ನೂ ಮುಚ್ಚಿಕೊಳ್ಳುವಂತಿಲ್ಲ. ಅಷ್ಟು ಹಿಗ್ಗಿನಿಂದ ನಾನು ಜನ್ಮದಲ್ಲಿ ಏನನ್ನೂ ಓದಿಲ್ಲ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೂ ಓದಿದೆ.

ಮುಗಿದ ಮೇಲೆ ಕ್ಯಾಪ್ಟನ್ ಕೆಸರು ಒರೆಸಿಕೊಳ್ಳುತ್ತ ಎದ್ದರು.

"ನಾನಂದುಕೊಂಡಷ್ಟು ಕೆಟ್ಟದ್ದಲ್ಲ. ಆದ್ರೂ ನನಗೆ ಬೇಡ ಕಣಯ್ಯಾ. ಒಬ್ಬ ರಾಜನ್ನ ಓಡ್ಸೋಕೆ ನನ್ನ ತಮ್ಮನ್ನ ಕೊಟ್ಟಿದ್ದೀನಿ. ಬಾಯಿಬಿಟ್ಟು ಮಾತಾಡೋ ಹಕ್ಕು, ನಮ್ಮ ದೇವರನ್ನ ನಮ್ಮ ಥರ ಪೂಜಿಸೋ ಹಕ್ಕು, ಇದರಲ್ಲೆಲ್ಲಿದೆ ತೋರ್ಸು?"

"ಇಲ್ಲ ಕ್ಯಾಪ್ಟನ್ರೇ. ಅದು ಬಿಟ್ಟುಹೋಗಿದೆ. ಸೇರಿಸಿ ಅಂತ ಹೇಳೇ ಒಪ್ಪೋಣ ಅಂತೀನಿ."

"ಮೊದಲು ಸೇರಿಸ್ಲಿ, ಆಮೇಲೆ ಒಪ್ಪೋಣ."

"ನನ್ನ ಹತ್ರ ಗಾಡಿ ತರೋರು ನಿಮ್ಹಾಗೇ ಕೇಳ್ತಾರೆ, ಯಾವತ್ತೂ ಮುರೀದಿರೋ ಚಕ್ರ ಮಾಡಿಕೊಡು ಅಂತ. ಅಂಥದ್ದು ಇಲ್ಲ. ಮುರಿದಾಗ ಆ ಒಂದು ಕಡ್ಡಿ ಬಿಚ್ಚಿ ಬೇರೆ ಹಾಕೋ ಹಾಗಿದ್ರೆ ಅದೇ ಒಳ್ಳೇ ಚಕ್ರ. ತಪ್ಪಾಗಿದ್ರೆ ಹೀಗೆ ತಿದ್ದಿ ಅಂತ ಯಾವ ರಾಜ ಬರ್ಕೊಟ್ಟಿದ್ದಾನೆ, ಹೇಳಿ?"

ಕ್ಯಾಪ್ಟನ್ ಹಂದಿಯ ಹೊಸ ನೊಗವನ್ನು ಅಲ್ಲಾಡಿಸಿ ನೋಡಿದರು. ಆಮೇಲೆ ಜೂನ್ ಒಂಬತ್ತಕ್ಕೆ ಊರ ಸಭೆ ಕರೆಯಲು ಒಪ್ಪಿದರು. ಅಷ್ಟರಲ್ಲಿ ಸುದ್ದಿ ಬಂದಿತ್ತು: ಎಂಟು ರಾಜ್ಯ ಒಪ್ಪಿವೆ. ಒಂಬತ್ತನೆಯದು ನಾವಾಗಬಹುದು. ಕಾಂಕಾರ್ಡ್‌ನಲ್ಲಿ ಒಂದೊಂದು ಓಟಿಗೂ ತೂಕ ಇತ್ತು.

ಆ ಸಭೆಯಲ್ಲಿ ಕ್ಯಾಪ್ಟನ್ ವಿರುದ್ಧವಾಗಿಯೇ ಮಾತಾಡಿದರು, ಚೆನ್ನಾಗಿಯೇ ಮಾತಾಡಿದರು. ಆಮೇಲೆ ಅಣ್ಣ ಎದ್ದ. ಕೈಯಲ್ಲಿ ಟೋಪಿ ತಿರುವುತ್ತಿದ್ದ.

"ಜನವರೀಲಿ ನಿಮಗೆ ಮಾತು ಕೊಟ್ಟೆ. ಅದನ್ನ ಮುರಿಯಲ್ಲ. ಬಿಟ್ಟಿದ್ದೀವಿ ಹೋಗು ಅಂದ್ರೆ, ಹೌದು ಅಂತ ಹೇಳ್ತೀನಿ. ಬಿಡಲ್ಲ ಅಂದ್ರೆ ಬೇಡ ಅಂತ ಹೇಳ್ತೀನಿ. ಹೇಳಿ, ಹೊರಗೆ ಬಂದು ಅಳ್ತೀನಿ. ಅಷ್ಟೇ. ಈಗ ನೀವು ಕೇಳಿದ್ದೀರಿ, ಓದಿದ್ದೀರಿ. ಜನವರೀಲಿ ನಮ್ಮಲ್ಲಿ ಯಾರೂ ಓದಿರಲಿಲ್ಲ, ನಾನೂ ಓದಿರಲಿಲ್ಲ."

ಕೂತುಬಿಟ್ಟ. ಯಾರೂ ನಗಲಿಲ್ಲ.

ಕೈ ಎತ್ತಿದರೆ ತಕರಾರು ಬರುತ್ತದೆಂದು ಎಲ್ಲರನ್ನೂ ಹೊರಗೆ ಹುಲ್ಲುಮೈದಾನಕ್ಕೆ ಕರೆದರು. ಬಿಡುಗಡೆ ಕೊಡುವವರು ಓಕ್ ಮರದ ಕಡೆ, ಕೊಡದವರು ಕುದುರೆ ಕೊಟ್ಟಿಗೆಯ ಕಡೆ. ನಾನು ಮಂದಿರದ ಮೆಟ್ಟಿಲ ಮೇಲೆ. ಎಂಬತ್ತೆರಡು ಮನೆಯಲ್ಲಿ ಓದಿದ ಗಂಟಲು ನನ್ನದು, ಆದರೆ ಮರದ ಕೆಳಗೆ ನಿಲ್ಲುವ ಕಾಲು ಗಂಡಸರದ್ದು. ಅದಕ್ಕೆ ಅವತ್ತೂ ಸಿಟ್ಟಿತ್ತು, ಇವತ್ತೂ ಇದೆ. ಜನ ಅತ್ತಿತ್ತ ನಡೆಯತೊಡಗಿದರು. ಕೊಟ್ಟಿಗೆಯ ಕಡೆ ಗುಂಪು ದಟ್ಟವಾಯಿತು. ಆಮೇಲೆ ದೂರದ ಬೆಟ್ಟದ ಮನೆಗಳವರು ಬಂದರು. ಪ್ಲಾಟೋ ಕೋಲೂರಿಕೊಂಡು, ಮುಖ ಗಂಟಿಕ್ಕಿಕೊಂಡು, ಆದರೂ ಮರದ ಕಡೆಗೇ ನಡೆದ.

ಎಣಿಸಬೇಕಾದವರು ಸಭೆಯ ಯಜಮಾನರು, ಅಂದರೆ ಕ್ಯಾಪ್ಟನ್ನೇ. ಎಣಿಸಿದರು. ನಂಬಿಕೆ ಬರಲಿಲ್ಲ, ಒಬ್ಬೊಬ್ಬರ ಭುಜ ಮುಟ್ಟಿ ಮತ್ತೆ ಎಣಿಸಿದರು.

"ಕೊಟ್ಟಿಗೆ ಕಡೆ ಮೂವತ್ತೊಂಬತ್ತು" ಎಂದರು, "ನನ್ನನ್ನೂ ಸೇರಿಸಿ. ಮರದ ಕಡೆ ನಲವತ್ತಮೂರು." ಗಂಟಲು ಸರಿಮಾಡಿಕೊಂಡು ಅಣ್ಣನ ಕಡೆ ತಿರುಗಿದರು. "ಎನೋಸ್ ಕಾಲ್ಕಾರ್ಡ್, ಊರು ನಿನ್ನ ಬಿಟ್ಟಿದೆ. ನಿನ್ನ ಮನಸ್ಸು ಹೇಳಿದಂಗೆ ಹೇಳ್ಬಾ. ಹಕ್ಕು ಸೇರಿಸ್ಬೇಕು ಅನ್ನೋದನ್ನ ಮಾತ್ರ ಬರೆಸದೆ ಬಂದ್ಯೋ, ಊರೊಳಗೆ ಕಾಲಿಡ್ಬೇಡ."

ಅಣ್ಣ ಹುಲ್ಲಿನ ಮೇಲೇ ಕೂತುಬಿಟ್ಟ. ನಾನು ಓಡಿಹೋಗಿ, ಊರೆಲ್ಲ ನೋಡುತ್ತಿದೆ ಎಂಬುದನ್ನೂ ಮರೆತು, ಅವನ ತಲೆ ತಬ್ಬಿಕೊಂಡೆ.

ಕಾಂಕಾರ್ಡ್‌ಗೆ ನಾವು ಮೂವರು ಹೋದೆವು. ಕಾಲುನೋವಿದ್ದರೂ ಕ್ಯಾಪ್ಟನ್ ತಮ್ಮ ಗಾಡಿಯಲ್ಲೇ ಕರೆದುಕೊಂಡು ಹೋದರು. "ಇವನು ಬರೆಸ್ತಾನೋ ಇಲ್ವೋ ನೋಡ್ಬೇಕಲ್ಲ" ಎಂದು ನೆಪ. ನಾಲ್ಕು ದಿನ ಸಭೆ ನಡೆಯಿತು. ಬೇಕಾದ ತಿದ್ದುಪಡಿಗಳ ಪಟ್ಟಿ ತಯಾರಾಯಿತು, ಹನ್ನೆರಡು. ಧರ್ಮದ ಹಕ್ಕು ಅದರಲ್ಲಿತ್ತು. ಅಣ್ಣ ಪಟ್ಟಿಯನ್ನು ಬೆರಳಿಟ್ಟು ಓದಿ ಬಂದು ಕ್ಯಾಪ್ಟನ್‌ಗೆ ಹೇಳಿದ. ಅವರು "ಹೂಂ" ಎಂದರು, ಅಷ್ಟೇ.

ಶನಿವಾರ, ಜೂನ್ ಇಪ್ಪತ್ತೊಂದು. ಕಿಟಕಿಗಳೆಲ್ಲ ತೆರೆದಿದ್ದವು, ಸೆಖೆ. ನಾನೂ ಕ್ಯಾಪ್ಟನ್ನೂ ಮೇಲಿನ ಅಟ್ಟದಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕೂತಿದ್ದೆವು. ಗುಮಾಸ್ತ ಒಂದೊಂದೇ ಊರು ಕೂಗತೊಡಗಿದ. ಹೌದು. ಬೇಡ. ಬೇಡ. ಹೌದು. ನಾನು ಬೆರಳು ಮಡಚುತ್ತ ಹೋದೆ, ನಡುವೆ ಎಲ್ಲೋ ಲೆಕ್ಕ ತಪ್ಪಿತು.

"ಡನ್‌ಬರೋ!"

ಅಣ್ಣ ಎದ್ದ. ಆ ಬೆನ್ನು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕೆಲಸದ ಕೋಟು, ಒಗೆದು ಇಸ್ತ್ರಿ ಮಾಡಿದ್ದೆ. ಜೀವಮಾನದಲ್ಲಿ ಯಾರಿಗೂ ಕೇಳುವಂತೆ ಮಾತಾಡದವನು ತಲೆಯೆತ್ತಿ, ಇಡೀ ಸಭೆಗೆ, ಕಿಟಕಿಯಾಚೆ ರಸ್ತೆಯಲ್ಲಿ ನಿಂತವರಿಗೂ ಕೇಳುವಂತೆ ಹೇಳಿದ:

"ಹೌದು!"

ಎಲ್ಲ ಮುಗಿದಾಗ ಹೌದು ಐವತ್ತೇಳು, ಬೇಡ ನಲವತ್ತೇಳು. ಒಂಬತ್ತನೆಯ ರಾಜ್ಯ ನಮ್ಮದಾಯಿತು. ದೇಶಕ್ಕೆ ಸರ್ಕಾರ ಹುಟ್ಟಿತು. ಹೊರಗೆ ಗಂಟೆ ಹೊಡೆಯತೊಡಗಿದರು, ಟೋಪಿಗಳು ಹಾರಿದವು. ನಾನು ಮಡಚಿದ ಬೆರಳನ್ನೂ ಬಿಚ್ಚದೆ ಕೂತೇ ಇದ್ದೆ. ಪಕ್ಕದಿಂದ ಕಿವಿ ಒಡೆಯುವ ಹಾಗೆ ಕೂಗು ಬಂತು. ತಿರುಗಿ ನೋಡಿದರೆ ಕ್ಯಾಪ್ಟನ್ ಪೀಸ್ಲಿ, ನೋವಿನ ಕಾಲಿನ ಮೇಲೆ ಎದ್ದು ನಿಂತು, ಕೆನ್ನೆಯ ಮೇಲೆ ನೀರು ಹರಿಸಿಕೊಂಡು, "ಡನ್‌ಬರೋ! ಡನ್‌ಬರೋ!" ಎಂದು ಕೂಗುತ್ತಿದ್ದಾರೆ.

"ಅಯ್ಯೋ ಕ್ಯಾಪ್ಟನ್ರೇ, ನೀವು ಬೇಡ ಅಂದೋರಲ್ವಾ?"

"ಬೇಡ ಅಂದೋನು ನಾನಮ್ಮಾ. ಹೌದು ಅಂದಿದ್ದು ನನ್ನೂರು" ಎಂದರು. "ಎದ್ದೇಳು. ಅರ್ಧ ಊರಿಗೆ ಓದಿ ಹೇಳ್ದೋಳು ಬಾಯಿ ಮುಚ್ಕೊಂಡು ಕೂತಿದ್ದೀಯಲ್ಲ, ಕೂಗು!"

ಅರ್ಧ ಊರಲ್ಲ, ಇಡೀ ಊರು ಎಂದು ಅವರನ್ನು ತಿದ್ದಿದೆ. ಆಮೇಲೆ ಎದ್ದು ನಿಂತು ಕೂಗಿದೆ.